ಹಿಗ್ಗುವ ಕಾರ್ಬನ್ ರಬ್ಬರ್ ಸೆನ್ಸರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಸಿಲಿಕೋನ್ ರಬ್ಬರಿಗೆ ಕಾರ್ಬನ್ ಪುಡಿ ಕಲಸಿ, ಅಚ್ಚಿಗೆ ಬಳಿದು, ಗಟ್ಟಿಯಾಗಲು ಬಿಟ್ಟರೆ ಕರೆಂಟ್ ಹರಿಯುವ ಮೆತ್ತನೆಯ ಪಟ್ಟಿ ಸಿಗುತ್ತದೆ. ಎಳೆದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುತ್ತದೆ. ಗ್ಲೌಸಿನ ಬೆರಳಿಗೆ ಹೊಲಿದರೆ ಬೆರಳು ಮಡಚಿದ್ದು ಗೊತ್ತಾಗುತ್ತದೆ, ಎದೆಗೆ ಬೆಲ್ಟಿನ ಹಾಗೆ ಕಟ್ಟಿದರೆ ಉಸಿರಾಟ ಗೊತ್ತಾಗುತ್ತದೆ. ಮಾಡುವ ವಿಧಾನ ಹುಡುಕಿದರೆ ಎಷ್ಟು ಬೇಕಾದರೂ ಸಿಗುತ್ತದೆ. ಮಾಡಿದ ಮೇಲೆ ಕೆಲಸ ಮಾಡದಿದ್ದರೆ ಏನು ನೋಡಬೇಕು ಅನ್ನುವುದು ಮಾತ್ರ ಅಷ್ಟಾಗಿ ಸಿಗುವುದಿಲ್ಲ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಪಟ್ಟಿ ಸರಿಯಿಲ್ಲ ಅನ್ನಿಸಿದ ತಕ್ಷಣ ಎಲ್ಲರೂ ಪಾಕಕ್ಕೇ ಕೈ ಹಾಕುತ್ತಾರೆ, ಇನ್ನೊಂದಿಷ್ಟು ಕಾರ್ಬನ್ ಸುರಿಯುತ್ತಾರೆ. ಜಾಸ್ತಿ ಸಲ ತೊಂದರೆ ಇರುವುದು ತಂತಿ ಮತ್ತು ರಬ್ಬರ್ ಸೇರುವ ಜಾಗದಲ್ಲಿ. ಇನ್ನು ಕೆಲವು ದೋಷಗಳು ದೋಷವೇ ಅಲ್ಲ, ಈ ವಸ್ತುವಿನ ಗುಣ. ಅದನ್ನು ಸರಿ ಮಾಡಲು ಹೋದರೆ ತಿಂಗಳುಗಟ್ಟಲೆ ಸುಮ್ನೆ ಹಾಳು.

ಪರೀಕ್ಷೆಗೆ ಒಂದೇ ಅಳತೆಯ ಪಟ್ಟಿ

ದೋಷ ಹುಡುಕುವ ಮೊದಲು ಒಂದು ಶಿಸ್ತು ಬೇಕು. ಪ್ರತಿ ಸಲ ಪಾಕ ಮಾಡಿದಾಗಲೂ 10 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಒಂದು ಪಟ್ಟಿಯನ್ನು ಪರೀಕ್ಷೆಗೆ ಅಂತಲೇ ಎತ್ತಿಡಿ. ಆಕಾರ ಬೇರೆ ಬೇರೆ ಇದ್ದರೆ ಮಲ್ಟಿಮೀಟರಿನ ಸಂಖ್ಯೆಗಳನ್ನು ಹೋಲಿಸಲು ಆಗುವುದಿಲ್ಲ.

ಈ ಅಳತೆಯ ಪಟ್ಟಿ 5 ಕಿಲೋ ಓಮ್ ತೋರಿಸಿತು ಅಂದುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ 0.2 ಚದರ ಸೆಂ.ಮೀ. ಅದನ್ನು 5000ದಿಂದ ಗುಣಿಸಿ, ಉದ್ದ 10ರಿಂದ ಭಾಗಿಸಿದರೆ 100 ಓಮ್-ಸೆಂ.ಮೀ. ಬರುತ್ತದೆ. ಇದು ಆ ವಸ್ತುವಿನ ಸ್ವಂತ ಅಂಕಿ. ಪುಸ್ತಕದಲ್ಲಿ ಬರೆದಿಡಬೇಕಾದದ್ದು ಇದನ್ನು, ಮೀಟರಿನ ಓಮ್ ಅನ್ನು ಅಲ್ಲ.

ಪಾಕದ ಲೆಕ್ಕದಲ್ಲೂ ಒಂದು ಗೊಂದಲ ಪದೇ ಪದೇ ಬರುತ್ತದೆ. ಸಿಲಿಕೋನ್ ಎ, ಬಿ ಅಂತ ಎರಡು ಭಾಗವಾಗಿ ಬರುತ್ತದೆ, ಎರಡನ್ನೂ ಸೇರಿಸಿದ ಮೇಲೆಯೇ ಗಟ್ಟಿಯಾಗುವುದು. 10 ಗ್ರಾಂ ಎ ಭಾಗ, 10 ಗ್ರಾಂ ಬಿ ಭಾಗ, 2 ಗ್ರಾಂ ಕಾರ್ಬನ್ ಸೇರಿಸಿದರೆ ಅದು ಶೇ. 10 ಅಲ್ಲ. ಒಟ್ಟು 22 ಗ್ರಾಂನಲ್ಲಿ 2 ಗ್ರಾಂ, ಅಂದರೆ ಶೇ. 9.1. ರಬ್ಬರ್ ಉದ್ಯಮದವರು ನೂರು ಭಾಗ ರಬ್ಬರಿಗೆ ಇಷ್ಟು ಭಾಗ ಅಂತ ಲೆಕ್ಕ ಹಾಕುತ್ತಾರೆ, ಪ್ರಯೋಗಾಲಯದವರು ಒಟ್ಟು ತೂಕದ ಶೇಕಡಾ ಹೇಳುತ್ತಾರೆ. ಒಬ್ಬರ ಪಾಕ ಇನ್ನೊಬ್ಬರಿಗೆ ಬರದಿರಲು ಎಷ್ಟೋ ಸಲ ಇಷ್ಟೇ ಕಾರಣ.

ಮೀಟರ್ ಏನೂ ತೋರಿಸುತ್ತಿಲ್ಲ

ಮೊದಲ ಕೆಲಸ: ಪಟ್ಟಿಯ ಎರಡು ತುದಿಯನ್ನು ಬ್ಲೇಡಿನಿಂದ ತೆಳ್ಳಗೆ ಕತ್ತರಿಸಿ, ಕತ್ತರಿಸಿದ ಮುಖಕ್ಕೆ ಮೀಟರಿನ ಪ್ರೋಬ್ ಒತ್ತಿ. ಅಚ್ಚಿಗೆ ತಾಗಿದ ಮೇಲ್ಮೈಯಲ್ಲಿ ಬರೀ ಸಿಲಿಕೋನಿನ ತೆಳು ಪೊರೆ ಕಟ್ಟಿರುತ್ತದೆ. ಒಳಗೆ ಕರೆಂಟ್ ಚೆನ್ನಾಗಿ ಹರಿಯುತ್ತಿದ್ದರೂ ಈ ಪೊರೆ ಪ್ರೋಬನ್ನು ತಡೆಯುತ್ತದೆ. ಕತ್ತರಿಸಿದ ಮುಖದಲ್ಲಿ ರೀಡಿಂಗ್ ಬಂತು, ಮೇಲ್ಮೈಯಲ್ಲಿ ಬರಲಿಲ್ಲ ಅಂದರೆ ಪಾಕ ಸರಿಯಿದೆ. ತಂತಿ ಕೂರಿಸುವ ಜಾಗವನ್ನು ಮರಳು ಕಾಗದದಿಂದ ಉಜ್ಜಿದರೆ ಸಾಕು.

ಅಲ್ಲೂ ಬರಲಿಲ್ಲವೇ? ಆಗ ಕಾರ್ಬನ್ ಯಾವುದು ಅಂತ ನೋಡಬೇಕು. ಕಪ್ಪಗಿರುವುದೆಲ್ಲ ಒಂದೇ ಅಲ್ಲ. ಸೌದೆ ಒಲೆಯ ಇದ್ದಿಲು ಕಡಿಮೆ ಶಾಖದಲ್ಲಿ ಸುಟ್ಟದ್ದಾದರೆ ಕರೆಂಟ್ ಸರಿಯಾಗಿ ಹರಿಸುವುದೇ ಇಲ್ಲ. ಬಣ್ಣದಂಗಡಿಯ ಕಪ್ಪು ಪುಡಿಯಲ್ಲಿ ಏನು ಬೆರೆತಿದೆಯೋ ಹೇಳಲಾಗದು. ಪರೀಕ್ಷೆ ಸುಲಭ. ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯಲ್ಲಿ ಒಣ ಪುಡಿ ತುಂಬಿ, ಎರಡು ಕಡೆಯಿಂದ ಬೋಲ್ಟ್ ತೂರಿಸಿ ಗಟ್ಟಿಯಾಗಿ ಒತ್ತಿ, ಬೋಲ್ಟುಗಳ ನಡುವೆ ಅಳೆಯಿರಿ. ಒಳ್ಳೆ ಪುಡಿಯಾದರೆ ಒತ್ತಿದ ಹಾಗೆ ರೆಸಿಸ್ಟೆನ್ಸ್ ಸರಸರನೆ ಇಳಿದು ಕೆಲವೇ ಓಮಿಗೆ ಬರುತ್ತದೆ. ಒಣ ಪುಡಿಯೇ ಕಿಲೋ ಓಮಿನಲ್ಲಿ ನಿಂತರೆ ಆ ಪೊಟ್ಟಣ ಬದಿಗಿಡಿ.

ಈ ಪರೀಕ್ಷೆಯಲ್ಲಿ ಪಾಸಾದ ಪುಡಿಗಳಲ್ಲೂ ಭೇದವಿದೆ. ಟೈರಿಗೆ ಹಾಕುವ ಎನ್330 ತರಹದ ಕಾರ್ಬನ್ ಬ್ಲ್ಯಾಕಿನ (ಕಾಡಿಗೆಯಂಥ ನುಣ್ಣನೆ ಕಾರ್ಬನ್ ಪುಡಿ) ಮೇಲ್ಮೈ ಗ್ರಾಮಿಗೆ ಸುಮಾರು 80 ಚದರ ಮೀಟರ್. ವಲ್ಕನ್ ಎಕ್ಸ್‌ಸಿ-72 ಸುಮಾರು 250. ಕೆಟ್ಜೆನ್‌ಬ್ಲ್ಯಾಕ್ ಇಸಿ-600ಜೆಡಿ ಸಾವಿರದ ಮೇಲೆ ಹೋಗುತ್ತದೆ. ಮೇಲ್ಮೈ ಜಾಸ್ತಿಯಿದ್ದು, ಕಣಗಳು ಕವಲು ಕವಲಾಗಿ ಕೂಡಿಕೊಂಡಷ್ಟೂ ಕಡಿಮೆ ಪುಡಿಯಲ್ಲೇ ರಬ್ಬರಿನೊಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರಿ ಬೀಳುತ್ತದೆ. ಆ ದಾರಿ ಬೀಳುವ ಪ್ರಮಾಣವೇ ಪರ್ಕೊಲೇಶನ್ ಮಿತಿ. ಅದಕ್ಕಿಂತ ಕೆಳಗೆ ಪಟ್ಟಿ ಪೂರ್ತಿ ಇನ್ಸುಲೇಟರ್, ಸ್ವಲ್ಪ ಮೇಲೆ ಹೋದರೆ ರೆಸಿಸ್ಟೆನ್ಸ್ ಸಾವಿರಾರು ಪಟ್ಟು ಬೀಳುತ್ತದೆ. ಅಸಿಟಿಲೀನ್ ಅನಿಲದಿಂದ ಮಾಡಿದ ಅಸಿಟಿಲೀನ್ ಬ್ಲ್ಯಾಕ್ ಆದರೆ ಶೇ. 8ರಿಂದ 10ರ ಆಸುಪಾಸಿನಲ್ಲಿ ಶುರು ಮಾಡಿ. ಕೆಟ್ಜೆನ್‌ಬ್ಲ್ಯಾಕಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ. ಟೈರ್ ಕಾರ್ಬನ್ನಿಗೆ ಎರಡು ಪಟ್ಟು ಬೇಕಾದರೂ ಆಶ್ಚರ್ಯವಿಲ್ಲ. ಗ್ರಾಫೈಟ್ ಪುಡಿ ಅಗ್ಗ, ಆದರೆ ಅದು ಚಪ್ಪಟೆ ಚಕ್ಕೆ. ತೂಕದ ಕಾಲು ಭಾಗ ಹಾಕಿದರೂ ಸಾಲದೆ ಹೋಗಬಹುದು, ಅಷ್ಟರಲ್ಲಿ ರಬ್ಬರ್ ಹಿಗ್ಗುವ ಗುಣವನ್ನೇ ಕಳೆದುಕೊಂಡಿರುತ್ತದೆ.

ಕಾರ್ಬನ್ನೂ ಸರಿ, ಪ್ರಮಾಣವೂ ಸರಿ ಅಂದರೆ ಉಳಿದದ್ದು ಕಲಸಿದ ರೀತಿ. ಬಟಾಣಿಯಷ್ಟು ಹಸಿ ಪಾಕ ತೆಗೆದು ಎರಡು ಗಾಜಿನ ಚೂರಿನ ನಡುವೆ ಒತ್ತಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಸಮನಾಗಿ ಕಂದುಗಪ್ಪು ಕಂಡರೆ ಸರಿ. ಮುದ್ದೆಯಲ್ಲಿ ಗಂಟು ಉಳಿದ ಹಾಗೆ ಅಲ್ಲಲ್ಲಿ ಕಪ್ಪು ಚುಕ್ಕೆ, ಸುತ್ತ ಬೆಳಕು ತೂರಿ ಬರುವ ಜಾಗ ಕಂಡರೆ ಕಲಸಿದ್ದು ಸಾಲದು. ಚಮಚದಲ್ಲಿ ತಿರುಗಿಸುವುದಕ್ಕಿಂತ ಗಾಜಿನ ಮೇಲೆ ಹಾಕಿ ಚಪ್ಪಟೆ ಪಟ್ಟಿಯಿಂದ ತಿಕ್ಕಿ ತಿಕ್ಕಿ ಎಳೆಯುವುದು ಒಳ್ಳೆಯದು. ಹಾಗಂತ ಜೋರು ಮಿಕ್ಸರಿಗೆ ಹಾಕಿ ತಾಸುಗಟ್ಟಲೆ ರುಬ್ಬಬೇಡಿ. ಕವಲುಗಳು ಮುರಿದು, ಹಿಗ್ಗದ ಪಟ್ಟಿಯಲ್ಲೇ ರೆಸಿಸ್ಟೆನ್ಸ್ ಏರಿಬಿಡುತ್ತದೆ.

ಇಕೋಫ್ಲೆಕ್ಸ್ 00-30 ಅನ್ನುವ ಸಿಲಿಕೋನಿನಲ್ಲಿ ಎ ಮತ್ತು ಬಿ ಸೇರಿಸಿದ ಮೇಲೆ ಕೈಯಲ್ಲಿರುವುದು 45 ನಿಮಿಷ ಮಾತ್ರ. ಅದರೊಳಗೆ ತಿಕ್ಕಿ ಮುಗಿಸುವುದು ಕಷ್ಟ. ಅರ್ಧ ಕಾರ್ಬನ್ ಎ ಭಾಗಕ್ಕೆ, ಅರ್ಧ ಬಿ ಭಾಗಕ್ಕೆ ನಿಧಾನವಾಗಿ ಕಲಸಿಟ್ಟು, ಕೊನೆಗೆ ಎರಡನ್ನೂ ಸೇರಿಸಿದರೆ ಗಡಿಬಿಡಿ ಇರುವುದಿಲ್ಲ. ಪುಡಿ ನೆನೆಯಲಿ ಅಂತ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ್ದರೆ, ಎರಡೂ ಭಾಗ ಸೇರಿಸುವ ಮುಂಚೆ ಅದು ಪೂರ್ತಿ ಹಾರಿಹೋಗಬೇಕು. ಮೂಗಿನಿಂದ ಅಂದಾಜು ಮಾಡಬೇಡಿ, ಲೋಟವನ್ನು ತಕ್ಕಡಿ ಮೇಲಿಡಿ. ಸಿಲಿಕೋನ್ ಮತ್ತು ಕಾರ್ಬನ್ನಿನ ತೂಕಕ್ಕೆ ಮುಳ್ಳು ಇಳಿಯುವವರೆಗೆ ಕಾಯಿರಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕಾರ್ಬನ್ ಬ್ಲ್ಯಾಕನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2ಬಿ ಗುಂಪಿನಲ್ಲಿಟ್ಟಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಅನ್ನುವ ಗುಂಪು. ಎನ್95 ಮಾಸ್ಕ್ ಹಾಕಿ, ಫ್ಯಾನ್ ಬಂದ್ ಮಾಡಿ. ಕತ್ತರಿಸಿದ ಕಾರ್ಬನ್ ನಾರು ಬಳಸುವವರು ಇನ್ನೊಂದು ನೋಡಬೇಕು: ಆ ನಾರು ಗಾಳಿಯಲ್ಲಿ ತೇಲಿ ಹೋಗಿ ಪಕ್ಕದ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗುತ್ತದೆ.

ಪಟ್ಟಿ ಅಂಟಂಟಾಗಿಯೇ ಉಳಿದಿದೆ

ಇಕೋಫ್ಲೆಕ್ಸ್, ಡ್ರ್ಯಾಗನ್ ಸ್ಕಿನ್, ಸಿಲ್ಗಾರ್ಡ್ 184 ಇವೆಲ್ಲ ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನುಗಳು. ಪ್ಲಾಟಿನಮ್ಮಿಗೆ ಗಂಧಕ, ಅಮೈನ್, ತವರದ ಸಂಯುಕ್ತಗಳು ಆಗಿಬರುವುದಿಲ್ಲ. ಲ್ಯಾಟೆಕ್ಸ್ ಗ್ಲೌಸ್, ಗಂಧಕವಿರುವ ಮಾಡೆಲಿಂಗ್ ಜೇಡಿಮಣ್ಣು, ರೆಸಿನ್ 3ಡಿ ಪ್ರಿಂಟರಿನ ಅಚ್ಚು, ಇವುಗಳಲ್ಲಿ ಯಾವುದು ತಾಗಿದರೂ ಸಾಕು, ಸಿಲಿಕೋನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಪತ್ತೆಗೆ ಮೂರು ಸಣ್ಣ ಲೋಟ ಬೇಕು. ಒಂದರಲ್ಲಿ ಬರೀ ಸಿಲಿಕೋನ್. ಎರಡನೆಯದರಲ್ಲಿ ಕಾರ್ಬನ್ ಸೇರಿಸಿದ ಸಿಲಿಕೋನ್. ಮೂರನೆಯದರಲ್ಲಿ ಬರೀ ಸಿಲಿಕೋನನ್ನು ನಿಮ್ಮ ಅಚ್ಚಿನ ಚೂರಿನ ಮೇಲೆ ಸುರಿದಿಡಿ. ಒಂದನೆಯದೇ ಅಂಟಿದರೆ ಎ-ಬಿ ಪ್ರಮಾಣ ತಪ್ಪಿದೆ, ಇಲ್ಲವೇ ಡಬ್ಬಿ ಹಳತಾಗಿದೆ. ಎರಡನೆಯದು ಮಾತ್ರ ಅಂಟಿದರೆ ಕಾರ್ಬನ್ ಕಾರಣ. ಮೂರನೆಯದು ಅಚ್ಚಿಗೆ ತಾಗಿದ ಕಡೆ ಮಾತ್ರ ಅಂಟಿದರೆ ಅಚ್ಚು ಕಾರಣ.

ಎಣ್ಣೆಯಿಂದ ತಯಾರಾಗುವ ಫರ್ನೇಸ್ ಬ್ಲ್ಯಾಕುಗಳಲ್ಲಿ ಗಂಧಕದ ಅಂಶ ಉಳಿದಿರುತ್ತದೆ. ಅಸಿಟಿಲೀನ್ ಬ್ಲ್ಯಾಕ್ ಈ ವಿಷಯದಲ್ಲಿ ಚೊಕ್ಕ, ಅದಕ್ಕೇ ಪ್ಲಾಟಿನಂ ಸಿಲಿಕೋನಿಗೆ ನಾನು ಅದನ್ನೇ ಹೇಳುವುದು. ಸಿಲ್ಗಾರ್ಡ್ 184 ಬಳಸುವವರು ಎರಡು ದಿನ ಕಾಯದೆ ತೀರ್ಪು ಕೊಡಬೇಡಿ. ಅದು 25 ಡಿಗ್ರಿಯಲ್ಲಿ 48 ತಾಸು, 100 ಡಿಗ್ರಿಯಲ್ಲಾದರೆ 35 ನಿಮಿಷ ತೆಗೆದುಕೊಳ್ಳುತ್ತದೆ.

ಸುಳ್ಯ, ಪುತ್ತೂರು ಕಡೆ ರಬ್ಬರ್ ಹಾಲು ಕೈಗೆ ಸುಲಭವಾಗಿ ಸಿಗುವವರು ಅದರಲ್ಲೇ ಮಾಡಬಹುದಾ ಅಂತ ಯೋಚಿಸಬಹುದು. ಮಾಡಬಹುದು, ಅಮೋನಿಯ ಹಾಕಿದ ಲ್ಯಾಟೆಕ್ಸ್ ಇದಕ್ಕೆ ಒಗ್ಗುತ್ತದೆ. ಹಾಲಿನ ಕಣಗಳ ಒಳಗೆ ಕಾರ್ಬನ್ ಹೋಗಲಾರದು, ಸಂದಿಯಲ್ಲೇ ಸಾಲುಗಟ್ಟುತ್ತದೆ, ಹಾಗಾಗಿ ಕಡಿಮೆ ಪುಡಿ ಸಾಕು. ಆದರೆ ಒಣ ಪುಡಿಯನ್ನು ನೇರ ಸುರಿದರೆ ಹಾಲು ಒಡೆಯುತ್ತದೆ. ಸೋಪಿನ ನೀರಿನಲ್ಲಿ ಮೊದಲು ಕಲಸಿಕೊಳ್ಳಬೇಕು. ಲ್ಯಾಟೆಕ್ಸಿಗೆ ಮುಟ್ಟಿಸಿದ ಲೋಟ, ಚಮಚ ಯಾವುದನ್ನೂ ಪ್ಲಾಟಿನಂ ಸಿಲಿಕೋನಿನ ಹತ್ತಿರ ತರಬೇಡಿ.

ರೀಡಿಂಗ್ ಇದೆ, ಎಳೆದರೆ ಬದಲಾಗುತ್ತಿಲ್ಲ

ಹೆಚ್ಚು ಜನ ಎಡವುವುದು ಇಲ್ಲೇ.

ಮೊದಲು ಒಂದು ಲೆಕ್ಕ. ರಬ್ಬರ್ ಎಳೆದಾಗ ಉದ್ದವಾಗುತ್ತದೆ, ಜೊತೆಗೆ ತೆಳ್ಳಗೂ ಆಗುತ್ತದೆ, ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವಸ್ತುವಿನೊಳಗೆ ಏನೂ ಬದಲಾಗದಿದ್ದರೂ ಆಕಾರದಿಂದಲೇ ರೆಸಿಸ್ಟೆನ್ಸ್ ಉದ್ದದ ವರ್ಗದಷ್ಟು ಏರಬೇಕು. ಶೇ. 20 ಎಳೆದರೆ 1.2 ಗುಣಿಸು 1.2, ಅಂದರೆ 1.44 ಪಟ್ಟು. 5 ಕಿಲೋ ಓಮ್ ಇದ್ದದ್ದು 7.2ಕ್ಕೆ ಬರಬೇಕು. ಕಾರ್ಬನ್ ಕಣಗಳ ನಡುವಿನ ಸಂದಿ ಅಗಲವಾಗುವುದರಿಂದ ನಿಜವಾಗಿ ಅದಕ್ಕಿಂತಲೂ ಜಾಸ್ತಿ ಏರಬಹುದು. ಆ ಸಂದಿಗಳು ನ್ಯಾನೋ ಮೀಟರುಗಳ ಲೆಕ್ಕದವು, ಎಲೆಕ್ಟ್ರಾನ್ ಅಲ್ಲಿ ಟನೆಲಿಂಗ್ ಮೂಲಕ, ಅಂದರೆ ಕಣಗಳು ಒಂದಕ್ಕೊಂದು ತಾಗದಿದ್ದರೂ, ದಾಟುತ್ತದೆ, ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರ ಹೆಚ್ಚಿದರೂ ದಾಟುವುದು ತುಂಬ ಕಷ್ಟವಾಗುತ್ತದೆ.

ಈಗ ನಿಮ್ಮ ಮೀಟರ್ 5ರಿಂದ ಬರೀ 5.3ಕ್ಕೆ ಹೋಯಿತು ಅಂದುಕೊಳ್ಳಿ. ಆಕಾರದ ಲೆಕ್ಕಕ್ಕೂ ಸಾಲದು. ಹಾಗಿದ್ದರೆ ನೀವು ಅಳೆಯುತ್ತಿರುವುದು ಪಟ್ಟಿಯನ್ನಲ್ಲ, ಕಾಂಟ್ಯಾಕ್ಟನ್ನು, ಅಂದರೆ ತಂತಿ ಮತ್ತು ರಬ್ಬರ್ ಸೇರುವ ಜಾಗವನ್ನು. ಇಲ್ಲವೇ ಪಟ್ಟಿ ಹಿಡಿಕೆಯಿಂದ ಜಾರುತ್ತಿದೆ. ಜಾರುವುದನ್ನು ಕಂಡುಹಿಡಿಯಲು ಪಟ್ಟಿ ಮೇಲೆ ಬಿಳಿ ಪೆನ್ನಿನಲ್ಲಿ ಎರಡು ಗೆರೆ ಹಾಕಿ, ಎಳೆದಾಗ ಅವುಗಳ ಅಂತರವನ್ನು ಸ್ಕೇಲಿನಲ್ಲಿ ನೋಡಿ.

ಕಾಂಟ್ಯಾಕ್ಟ್ ಅನುಮಾನಕ್ಕೆ ಅತಿ ಸರಳ ಪರೀಕ್ಷೆ ಬೆರಳು. ಪಟ್ಟಿಯನ್ನು ಎಳೆಯದೆ ಮೇಜಿನ ಮೇಲೆ ಮಲಗಿಸಿ, ತಂತಿ ಸೇರುವ ಜಾಗವನ್ನು ಮಾತ್ರ ಒಣ ಮರದ ಕಡ್ಡಿಯಿಂದಲೋ ಬೆರಳಿನಿಂದಲೋ ಒತ್ತಿ. ರೀಡಿಂಗ್ ಕುಣಿದರೆ ಉತ್ತರ ಸಿಕ್ಕಿತು ಅಲ್ವಾ? ಪಾಕ ಮುಟ್ಟಬೇಡಿ.

ಸಂಖ್ಯೆಯಲ್ಲೇ ಬೇಕು ಅಂದರೆ ಹೀಗೆ ಮಾಡಿ. ಒಂದೇ ಪಟ್ಟಿ ಮೇಲೆ ಒಂದೇ ತರಹದ ಕಾಂಟ್ಯಾಕ್ಟ್ ಇಟ್ಟು, 2, 4, 6, 8 ಸೆಂ.ಮೀ. ದೂರದಲ್ಲಿ ಅಳೆಯಿರಿ. ಉದಾಹರಣೆಗೆ 3, 4, 5, 6 ಕಿಲೋ ಓಮ್ ಬಂತು ಅನ್ನಿ. ಪ್ರತಿ 2 ಸೆಂ.ಮೀ.ಗೆ 1 ಕಿಲೋ ಓಮ್ ಏರುತ್ತಿದೆ, ಅಂದರೆ ಪಟ್ಟಿಯದ್ದು ಸೆಂ.ಮೀ.ಗೆ 500 ಓಮ್. ಗ್ರಾಫಿನಲ್ಲಿ ಗೆರೆಯನ್ನು ಹಿಂದಕ್ಕೆ ಎಳೆದರೆ ಸೊನ್ನೆ ದೂರದಲ್ಲೂ 2 ಕಿಲೋ ಓಮ್ ಉಳಿಯುತ್ತದೆ. ಆ 2 ಕಿಲೋ ಓಮ್ ಎರಡು ಕಾಂಟ್ಯಾಕ್ಟುಗಳದ್ದು. 2 ಸೆಂ.ಮೀ. ಉದ್ದದ ಬೆರಳಿನ ಸೆನ್ಸರ್ ಮಾಡಿದರೆ ಅದರ ರೀಡಿಂಗಿನಲ್ಲಿ ಮೂರರಲ್ಲಿ ಎರಡು ಪಾಲು ಕಾಂಟ್ಯಾಕ್ಟೇ ಆಗಿರುತ್ತದೆ. ಇನ್ನು ನಾಲ್ಕು ಬಿಂದುಗಳು ಗೆರೆಗೆ ಕೂರದೆ ಅತ್ತಿತ್ತ ಹೋದರೆ ಪಟ್ಟಿಯೇ ಸಮನಾಗಿಲ್ಲ, ದಪ್ಪ ಏರುಪೇರಾಗಿದೆ ಅಥವಾ ಕಲಸಿದ್ದು ಸರಿಯಿಲ್ಲ.

ಒಳ್ಳೆ ಕಾಂಟ್ಯಾಕ್ಟ್ ಮಾಡುವುದು ಹೇಗೆ? ಗಟ್ಟಿಯಾದ ಸಿಲಿಕೋನಿಗೆ ಸಿಲಿಕೋನ್ ಬಿಟ್ಟು ಬೇರೇನೂ ನೆಟ್ಟಗೆ ಅಂಟುವುದಿಲ್ಲ. ತಾಮ್ರದ ಟೇಪ್ ಎರಡು ದಿನಕ್ಕೆ ಏಳುತ್ತದೆ, ಬೆಳ್ಳಿಯ ಪೇಂಟ್ ಮೊದಲ ಎಳೆತಕ್ಕೇ ಬಿರುಕು ಬಿಡುತ್ತದೆ. ಸ್ಟೀಲ್ ನೂಲನ್ನೋ, ಎಳೆ ಬಿಡಿಸಿ ಹರಡಿದ ತಂತಿಯನ್ನೋ ಪಾಕ ಹಸಿಯಿರುವಾಗಲೇ ಒಳಗೆ ಹೂಳಿ. ಅದರ ಸುತ್ತ ಕಾರ್ಬನ್ ಜಾಸ್ತಿ ಹಾಕಿದ ಪಾಕ ಬಳಿಯಿರಿ. ತುದಿಗಳನ್ನು ಅಗಲವಾಗಿ, ದಪ್ಪವಾಗಿ ಅಚ್ಚು ಹಾಕಿದರೆ ಎಳೆತವೆಲ್ಲ ನಡುಭಾಗಕ್ಕೆ ಹೋಗುತ್ತದೆ, ತಂತಿಯ ಹತ್ತಿರ ರಬ್ಬರ್ ಅಲುಗುವುದಿಲ್ಲ. ವಿನೆಗರ್ ವಾಸನೆ ಬರುವ ಟ್ಯೂಬ್ ಸಿಲಿಕೋನನ್ನು ತಾಮ್ರದ ಮೇಲೆ ಹಾಕಬೇಡಿ. ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ, ಇವತ್ತು ಚೆನ್ನಾಗಿದ್ದದ್ದು ಮುಂದಿನ ವಾರ ಹಸಿರುಗಟ್ಟಿರುತ್ತದೆ.

ಕಾಂಟ್ಯಾಕ್ಟ್ ಪಕ್ಕಾ ಇದ್ದೂ ಬದಲಾವಣೆ ಕಡಿಮೆ ಅಂದರೆ ಮಾತ್ರ ಪಾಕದ ಕಡೆ ನೋಡಿ. ಆಗಲೂ ಮಾಡಬೇಕಾದದ್ದು ಕಾರ್ಬನ್ ಕಡಿಮೆ ಮಾಡುವುದು. ಪರ್ಕೊಲೇಶನ್ ಮಿತಿಗಿಂತ ತುಂಬ ಮೇಲೆ ಹೋದರೆ ಒಂದು ದಾರಿ ತುಂಡಾದರೂ ಹತ್ತು ದಾರಿ ಉಳಿದಿರುತ್ತದೆ, ಎಳೆತ ಗೊತ್ತೇ ಆಗುವುದಿಲ್ಲ. ಮಿತಿಗೆ ಹತ್ತಿರ ಬಂದಷ್ಟೂ ಸೂಕ್ಷ್ಮ. ಆದರೆ ಅಲ್ಲಿ 0.1 ಗ್ರಾಂ ತೂಕದ ತಪ್ಪು ಕೂಡ ಎರಡು ಪಟ್ಟಿಗಳ ನಡುವೆ ಹತ್ತು ಪಟ್ಟು ವ್ಯತ್ಯಾಸ ತರಬಲ್ಲದು. 0.01 ಗ್ರಾಂ ತೋರಿಸುವ ತಕ್ಕಡಿ ಇಲ್ಲದಿದ್ದರೆ ಮಿತಿಯಿಂದ ಸ್ವಲ್ಪ ದೂರವೇ ಇರಿ. ಮಳೆಗಾಲದಲ್ಲಿ ಪುಡಿ ತೇವ ಹೀರಿಕೊಂಡಿರುತ್ತದೆ, ತೂಗುವ ಮೊದಲು 110 ಡಿಗ್ರಿಯಲ್ಲಿ ಒಣಗಿಸಿ.

ಎಳೆದರೂ ಏರುತ್ತದೆ, ಬಿಟ್ಟರೂ ಏರುತ್ತದೆ

ಇದನ್ನು ನೋಡಿ ಗಾಬರಿಯಾಗದವರು ಕಡಿಮೆ. ಪಟ್ಟಿ ಎಳೆದಾಗ ರೆಸಿಸ್ಟೆನ್ಸ್ ಏರುತ್ತದೆ. ಎಳೆದೇ ಹಿಡಿದರೆ ನಿಧಾನವಾಗಿ ಇಳಿಯುತ್ತದೆ. ಬಿಟ್ಟ ಕ್ಷಣ ಮತ್ತೆ ಒಂದು ಗುಡ್ಡ ಏರಿ, ಆಮೇಲೆ ತೆವಳುತ್ತ ಕೆಳಗೆ ಬರುತ್ತದೆ. ಶುರುವಿನ ಅಂಕಿಗೆ ಬರಲು ನಿಮಿಷಗಳೇ ಬೇಕು, ಕೆಲವು ಸಲ ಬರುವುದೂ ಇಲ್ಲ.

ಇದು ಕಾಂಟ್ಯಾಕ್ಟ್ ದೋಷವಲ್ಲ, ಪಾಕದ ದೋಷವೂ ಅಲ್ಲ. ಚಲನೆ ಯಾವ ದಿಕ್ಕಿಗಾದರೂ ಸರಿ, ಕಾರ್ಬನ್ ಜಾಲ ಕದಡುತ್ತದೆ. ನಿಂತ ಮೇಲೆ ಕಣಗಳು ಮತ್ತೆ ಕೂಡಿಕೊಳ್ಳುತ್ತವೆ, ರಬ್ಬರ್ ತನ್ನ ಒಳ ಎಳೆತವನ್ನು ನಿಧಾನಕ್ಕೆ ಸಡಿಲಿಸುತ್ತದೆ. ಮೆತ್ತಗಿದ್ದಷ್ಟೂ ಈ ಗುಣ ಎದ್ದು ಕಾಣುತ್ತದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್ಮನ್ ತಂಡ 2016ರಲ್ಲಿ ಆಟದ ಸಿಲ್ಲಿ ಪುಟ್ಟಿಗೆ ಗ್ರಾಫೀನ್ (ಕಾರ್ಬನ್ನಿನ ಅತಿ ತೆಳು ಹಾಳೆ) ಬೆರೆಸಿ, ಜೇಡದ ಹೆಜ್ಜೆಯನ್ನೂ ಗುರುತಿಸುವಷ್ಟು ಸೂಕ್ಷ್ಮ ವಸ್ತು ಮಾಡಿ ತೋರಿಸಿತು. ಅದರಲ್ಲೂ ರೆಸಿಸ್ಟೆನ್ಸ್ ಎಳೆತದ ಜೊತೆ ಒಂದೇ ದಿಕ್ಕಿಗೆ ಹೋಗಲಿಲ್ಲ, ಒತ್ತಿ ಬಿಟ್ಟ ಮೇಲೂ ಕಾಲ ಕಳೆದ ಹಾಗೆ ಬದಲಾಗುತ್ತಿತ್ತು. ಅವರು ಅದನ್ನು ಗ್ರಾಫೀನ್ ಹಾಳೆಗಳು ಮೆತ್ತನೆ ವಸ್ತುವಿನಲ್ಲಿ ಓಡಾಡಿ ಮತ್ತೆ ಜೋಡಿಯಾಗುವುದರಿಂದ ಅಂತ ವಿವರಿಸಿದರು.

ಹಾಗಾದರೆ ಮಾಡುವುದೇನು? ಹೊಸ ಪಟ್ಟಿಯನ್ನು ಬಳಸುವ ಮೊದಲು ಪಳಗಿಸಬೇಕು. ಬಳಕೆಯಲ್ಲಿ ಎಷ್ಟು ಹಿಗ್ಗುತ್ತದೋ ಅದಕ್ಕಿಂತ ಸ್ವಲ್ಪ ಜಾಸ್ತಿಗೆ ಹತ್ತಿಪ್ಪತ್ತು ಸಲ ಎಳೆದು ಬಿಡಿ. ಕಾರ್ಬನ್ನಿನಂಥ ಪುಡಿ ತುಂಬಿದ ರಬ್ಬರ್ ಮೊದಲ ಕೆಲವು ಎಳೆತದಲ್ಲಿ ಮೆದುವಾಗುತ್ತದೆ, ಇದನ್ನು ಮುಲಿನ್ಸ್ ಪರಿಣಾಮ ಅನ್ನುತ್ತಾರೆ. ರೆಸಿಸ್ಟೆನ್ಸ್ ಕೂಡ ಅದರ ಜೊತೆಗೇ ಒಂದು ಹದಕ್ಕೆ ಬರುತ್ತದೆ. ಪಳಗಿಸದ ಪಟ್ಟಿಯಲ್ಲಿ ಕ್ಯಾಲಿಬ್ರೇಶನ್ (ಎಷ್ಟು ಎಳೆತಕ್ಕೆ ಎಷ್ಟು ಓಮ್ ಅಂತ ತಾಳೆ ಹಾಕುವುದು) ಮಾಡಿದರೆ ಅದು ಮಾರನೇ ದಿನಕ್ಕೆ ಉಳಿಯುವುದಿಲ್ಲ.

ಆಮೇಲೆ ಕೆಲಸವನ್ನು ವಸ್ತುವಿಗೆ ಹೊಂದಿಸಿ. ಉಸಿರಾಟ ಎಣಿಸುವುದು, ಬೆರಳು ಮಡಚಿತೋ ಇಲ್ಲವೋ, ಹೆಜ್ಜೆ ಬಿತ್ತೋ ಇಲ್ಲವೋ, ಇಂಥದ್ದಕ್ಕೆ ಕಾರ್ಬನ್ ರಬ್ಬರ್ ಚೆನ್ನಾಗಿದೆ. ಬೆರಳು ಈಗ 37 ಡಿಗ್ರಿ ಮಡಚಿ ಹತ್ತು ನಿಮಿಷದಿಂದ ಹಾಗೇ ಇದೆ ಅಂತ ಹೇಳಲು ಇದು ತಕ್ಕದ್ದಲ್ಲ. ಅದು ಬೇಕಿದ್ದರೆ ಎರಡು ಕಾರ್ಬನ್ ಪದರದ ನಡುವೆ ಬರೀ ಸಿಲಿಕೋನ್ ಇಟ್ಟು ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಅಳೆಯುವ ಸೆನ್ಸರ್ ಮಾಡಿ, ಅದರಲ್ಲಿ ಈ ತೆವಳಾಟ ತುಂಬ ಕಡಿಮೆ. ಸಾಫ್ಟ್‌ವೇರಿನಲ್ಲಿ ಬಿಟ್ಟಾಗಿನ ಗುಡ್ಡವನ್ನು ಎರಡನೇ ಉಸಿರು ಅಂತ ಎಣಿಸದ ಹಾಗೆ ಸ್ವಲ್ಪ ಹೊತ್ತು ಕಣ್ಣುಮುಚ್ಚಿಸುವುದನ್ನು ಮರೆಯಬೇಡಿ.

ಬೆಳಗ್ಗೆ ಸರಿ, ಮಧ್ಯಾಹ್ನ ತಪ್ಪು

ಶಾಖ. ಸಿಲಿಕೋನ್ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 300 ಭಾಗ ಹಿಗ್ಗುತ್ತದೆ, ಕಾರ್ಬನ್ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಬಿಸಿಯಾದರೂ ಕಣಗಳ ನಡುವಿನ ಸಂದಿ ಬದಲಾಗುತ್ತದೆ. ಅದೇ ಪಾಕದ ಇನ್ನೊಂದು ಪಟ್ಟಿಯನ್ನು ಎಳೆಯದೆ ಪಕ್ಕದಲ್ಲೇ ಇಟ್ಟು, ಎರಡನ್ನೂ ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿ ನಡುವಿನಿಂದ ವೋಲ್ಟೇಜ್ ತೆಗೆದರೆ ಶಾಖದ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ. ಪಟ್ಟಿ ತಾನೇ ಬಿಸಿಯಾಗುತ್ತಿಲ್ಲವೇ ಅಂತಲೂ ನೋಡಿ. 500 ಓಮಿನ ಪಟ್ಟಿಗೆ ನೇರ 5 ವೋಲ್ಟ್ ಕೊಟ್ಟರೆ 50 ಮಿಲಿವ್ಯಾಟ್ ಅದರಲ್ಲೇ ಕರಗುತ್ತದೆ. ಅಳೆಯುವ ಕ್ಷಣದಲ್ಲಿ ಮಾತ್ರ ವೋಲ್ಟೇಜ್ ಕೊಟ್ಟರೆ ಆಯಿತು.

ಆರ್ಡುಯಿನೋದಲ್ಲಿ ಅಂಕಿ ಕುಣಿಯುತ್ತದೆ

ಮೀಟರಿನಲ್ಲಿ ಶಾಂತವಾಗಿದ್ದು, ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಕುಣಿದರೆ ಪಟ್ಟಿಯನ್ನು ಬೈಯಬೇಡಿ. ಆರ್ಡುಯಿನೋ ಊನೋದ ಅನಲಾಗ್ ಪಿನ್ನಿಗೆ 10 ಕಿಲೋ ಓಮಿಗಿಂತ ಕಡಿಮೆ ರೆಸಿಸ್ಟೆನ್ಸಿನ ಮೂಲ ಇದ್ದರೆ ಒಳ್ಳೆಯದು. ನಿಮ್ಮ ಪಟ್ಟಿ 300 ಕಿಲೋ ಓಮ್ ಇದ್ದರೆ ಅದು ಆಂಟೆನಾ ಕೆಲಸವನ್ನೂ ಮಾಡುತ್ತದೆ, ಗೋಡೆಯ ವೈರಿನ 50 ಹರ್ಟ್ಸನ್ನು ಎಳೆದುಕೊಳ್ಳುತ್ತದೆ. ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 20 ಮಿಲಿಸೆಕೆಂಡ್ ಉದ್ದಕ್ಕೂ ರೀಡಿಂಗ್ ತೆಗೆದು ಸರಾಸರಿ ಮಾಡಿದರೆ 50 ಹರ್ಟ್ಸಿನ ಒಂದು ಪೂರ್ತಿ ಸುತ್ತು ಸೇರಿ ಅದು ಕಳೆದುಹೋಗುತ್ತದೆ.

ಪಟ್ಟಿಯ ಜೊತೆ ಸರಣಿಯಲ್ಲಿ ಹಾಕಿ ವೋಲ್ಟೇಜ್ ಹಂಚುವ (ವೋಲ್ಟೇಜ್ ಡಿವೈಡರ್) ಇನ್ನೊಂದು ರೆಸಿಸ್ಟರನ್ನು ಕೂಡ ಲೆಕ್ಕ ಹಾಕಿಯೇ ಆರಿಸಿ. ಪಟ್ಟಿಯ ಕನಿಷ್ಠ ಮತ್ತು ಗರಿಷ್ಠ ರೆಸಿಸ್ಟೆನ್ಸನ್ನು ಗುಣಿಸಿ ವರ್ಗಮೂಲ ತೆಗೆಯಿರಿ. 4ರಿಂದ 9 ಕಿಲೋ ಓಮ್ ಓಡಾಡುವ ಪಟ್ಟಿಗೆ 6 ಕಿಲೋ ಓಮ್, ಅಂಗಡಿಯಲ್ಲಿ ಸಿಗುವುದು 5.6 ಅಥವಾ 6.2. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಇವು ಒಂದೆರಡು ರೂಪಾಯಿಯ ಸಾಮಾನು, ಸುಮ್ನೆ ಕೈಗೆ ಸಿಕ್ಕಿದ 10 ಕಿಲೋ ಓಮ್ ಹಾಕಿ ರೇಂಜ್ ಕಳೆದುಕೊಳ್ಳುವುದು ಯಾಕೆ?

ಯಾವಾಗ ಬಿಸಾಡಬೇಕು

ಪಟ್ಟಿಯನ್ನು ಎಳೆಯದೆ ಒಂದು ರಾತ್ರಿ ಬಿಡಿ. ಬೆಳಗ್ಗೆ ರೆಸಿಸ್ಟೆನ್ಸ್ ಹಳೆಯ ಅಂಕಿಯ ಹತ್ತಿರ ಬಂದಿದ್ದರೆ ಅದು ತೆವಳಾಟ ಮಾತ್ರ, ಮುಂದುವರಿಸಿ. ಬರದೆ ಇದ್ದರೆ ತಂತಿ ಸೇರುವ ಗಡಿಯಲ್ಲಿ, ಗಟ್ಟಿ ಭಾಗ ಮುಗಿದು ಮೆತ್ತನೆ ಭಾಗ ಶುರುವಾಗುವ ಕಡೆ ಪಟ್ಟಿಯನ್ನು ಮಡಚಿ ಭೂತಗನ್ನಡಿಯಲ್ಲಿ ನೋಡಿ. ಬಿರುಕು ಅಲ್ಲೇ ಮೊದಲು ಬಾಯಿ ಬಿಡುತ್ತದೆ. ಬಿರುಕು ಕಂಡರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಅಚ್ಚಿಗೆ ಹಾಕಿ. ಸಿಲಿಕೋನಿಗೆ ಸಿಲಿಕೋನ್ ಅಂಟುತ್ತದೆ, ಹಾಗಾಗಿ ಪೂರ್ತಿ ಪಟ್ಟಿ ಬಿಸಾಡುವ ಅಗತ್ಯವಿಲ್ಲ. ನಡುಭಾಗದಲ್ಲೇ ಬಿರುಕು ಬಂದಿದ್ದರೆ ಮಾತ್ರ ಕಸದ ಬುಟ್ಟಿಗೆ ಹಾಕಿ, ಮುಂದಿನ ಸಲ ಕಾರ್ಬನ್ ಒಂದು ಪಾಲು ಕಡಿಮೆ ಮಾಡಿ.